ಬದುಕಿರುವವನ ಹೆಸರು

ಬಂದರಿನ ಕ್ಯಾಂಟೀನು
ಮಾರ್ಚ್ ೪

ಹಲ್ಲಿನ ಸೆಟ್ ಮಾಡುವ ಮಹಾಶಯರಿಗೆ,

ನಾನು ನಿಮ್ಮ ಗಿರಾಕಿ. ನೀವು ನನ್ನನ್ನು ನೋಡಿಲ್ಲ, ನನ್ನ ಬಾಯಿಯ ಅಚ್ಚನ್ನು ಮಾತ್ರ ನೋಡಿದ್ದೀರಿ. ಹೋದ ವಾರ ಇಲ್ಲಿನ ಹಲ್ಲಿನ ಡಾಕ್ಟರು ನೀವು ಕಳಿಸಿದ ಡಬ್ಬಿಯನ್ನು ನನ್ನೆದುರಿಗೇ ಬಿಚ್ಚಿದರು. ಮುಚ್ಚಳ ನೋಡಿದ್ದೇ ಅವರಿಗೆ ನಗು ತಡೆಯಲಾಗಲಿಲ್ಲ. "ಏನ್ರೀ ಇದು, ನಿಮ್ಮ ಹಲ್ಲು ನೀವೇ ಮಾಡ್ಕೊಂಡ್ಬಿಟ್ಟಿದೀರಲ್ಲ!" ಅಂದರು.

ಹಲ್ಲು ಯಾರಿಗೆ ಎಂಬಲ್ಲಿ ನನ್ನ ಹೆಸರು. ಮಾಡಿದವರು ಯಾರು ಎಂಬಲ್ಲೂ ನನ್ನದೇ ಹೆಸರು. ಬರೀ ಹೆಸರಾಗಿದ್ದರೆ ನಾನೂ ಡಾಕ್ಟರ ಜೊತೆ ನಕ್ಕು ಸುಮ್ಮನಾಗುತ್ತಿದ್ದೆ. ಅದರ ಜೊತೆ ನನ್ನ ಅಪ್ಪನ ಹೆಸರು, ಅದರ ಜೊತೆ ನನ್ನ ಮನೆತನದ ಹೆಸರು. ಮೂರೂ ಅದೇ, ಅದೇ ಕ್ರಮದಲ್ಲಿ. ಡಾಕ್ಟರು ಹಲ್ಲು ಕೂರಿಸಿ "ಕಚ್ಚಿ" ಅಂದರೆ ಕಚ್ಚಲಿಲ್ಲ, "ಬಿಡಿ" ಅಂದರೆ ಬಿಡಲಿಲ್ಲ. ಪಾಪ, ಅವರು ಹೆದರಿ ನೀರು ಕೊಟ್ಟರು.

ನಮ್ಮ ಮನೆತನದಲ್ಲಿ ಒಂದು ರೂಢಿ ಇದೆ. ಹುಟ್ಟಿದ ಮಗುವಿಗೆ ತೀರಿಕೊಂಡವರ ಹೆಸರನ್ನೇ ಇಡಬೇಕು, ಅದರಲ್ಲೂ ಕೊನೆಗೆ ತೀರಿಕೊಂಡವರದ್ದು. ಬದುಕಿರುವವರ ಹೆಸರಿಟ್ಟರೆ ಅವರ ಆಯುಸ್ಸಿಗೆ ಕೈ ಹಾಕಿದ ಹಾಗೆ ಎಂದು ಅಜ್ಜಿ ಹೇಳುತ್ತಿದ್ದಳು. ಆದ್ದರಿಂದ ನೀವು ನಮ್ಮ ಮನೆಯವರೇ ಆಗಿದ್ದು, ನಿಮ್ಮ ಅಪ್ಪ ಗಾಜಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರೇ ಆಗಿದ್ದರೆ, ಒಂದು ಮಾತು ಕೇಳಬೇಕಾಗಿದೆ. ನನ್ನನ್ನು ಸಾಯಿಸಿದ್ದು ಯಾರು? ನಾನು ಸತ್ತಿಲ್ಲ ಸ್ವಾಮಿ.

ಡಬ್ಬಿಯ ಮೇಲೆ ಫೋನ್ ನಂಬರೂ ಇತ್ತು. ಮಾಡಲಿಲ್ಲ. ಮಾಡಿದ್ದರೆ ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ.

ಕೆಳಗೆ ಸಹಿ ಹಾಕುತ್ತಿಲ್ಲ. ಯಾರದು ಅಂತ ನಿಮಗೇ ಗೊತ್ತು.


ಹಲ್ಲಿನ ಕೆಲಸದ ಅಂಗಡಿ
ಮಾರ್ಚ್ ೧೧

ಸ್ವಾಮಿ,

ಸೆಟ್ ಸರಿಯಾಗಿ ಕೂರದಿದ್ದರೆ ಹೇಳಿ, ತಿದ್ದಿಕೊಡುತ್ತೇನೆ. ಸತ್ತವರ ಹೆಸರು ಹೇಳಿಕೊಂಡು ಬರಬೇಡಿ. ನಮಗೆ ಡಾಕ್ಟರಿಂದ ಬರುವುದು ಅಚ್ಚು ಮತ್ತು ನಂಬರು. ಹಲ್ಲು ಯಾರಿಗೆ ಎಂದು ಹೆಸರಿನ ಚೀಟಿ ಅಂಟಿಸುವವರು ಡಾಕ್ಟರ ಕಡೆಯವರು. ನಿಮ್ಮ ಹೆಸರು ನಿಜಕ್ಕೂ ಏನೋ, ಮುಚ್ಚಳದ ಮೇಲೆ ನನ್ನ ಹೆಸರು ಓದಿಕೊಂಡು ಈ ಕಥೆ ಹೆಣೆದಿರೋ, ಯಾರು ಬಲ್ಲರು?

ನನಗೊಬ್ಬ ಅಣ್ಣ ಇದ್ದದ್ದು ನಿಜ. ನನಗೆ ಹೆಸರಿಡುವ ಮೊದಲೇ ದೂರದ ಊರೊಂದರಲ್ಲಿ ಲಾರಿ ಅಪಘಾತದಲ್ಲಿ ತೀರಿಕೊಂಡ. ನನ್ನ ಹೆಸರು ಅವನದು. ಇದು ಹಳೆಯ ಬೀದಿಯವರಿಗೆಲ್ಲ ಗೊತ್ತು. ಅವರಲ್ಲಿ ಯಾರೋ ನಿಮಗೆ ಹೇಳಿರಬಹುದು.

ಆದರೂ ಒಂದು ಪ್ರಶ್ನೆ ಕೇಳುತ್ತೇನೆ. ಅಪ್ಪನ ಎಡಗೈಯ ಅಂಗೈಯಲ್ಲಿ ಒಂದು ಸುಟ್ಟ ಗುರುತಿತ್ತು. ಅದು ಹೇಗೆ ಆಯಿತೆಂದು ಅಪ್ಪ ಯಾರಿಗೂ ಹೇಳುತ್ತಿರಲಿಲ್ಲ. ನನಗೂ ಆಸ್ಪತ್ರೆಯ ಮಂಚದ ಮೇಲೆ, ಒಂದೇ ಒಂದು ಸಲ ಹೇಳಿದ್ದರು. ನಿಮಗೆ ಗೊತ್ತಿದ್ದರೆ ಬರೆಯಿರಿ. ಗೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ. ನಿಮ್ಮ ಕಾಗದ ಬಂದ ದಿನ ಯಾರದೋ ಮೇಣದ ಅಚ್ಚನ್ನು ಕೈಯಾರೆ ಕರಗಿಸಿಬಿಟ್ಟೆ. ಹೀಗಾದರೆ ನನ್ನ ಅಂಗಡಿ ಮುಚ್ಚಬೇಕಾಗುತ್ತದೆ.


ಬಂದರಿನ ಕ್ಯಾಂಟೀನು
ಮಾರ್ಚ್ ೧೭

ತಮ್ಮಾ,

ಹೌದು, ನೀವು ಗೀವು ಎಲ್ಲ ಬಿಟ್ಟೆ. ಆ ಗುರುತು ನನ್ನಿಂದ ಆದದ್ದು.

ನಾನಾಗ ಪುಟ್ಟ ಹುಡುಗ. ಅಪ್ಪನಿಗೆ ಊಟದ ಡಬ್ಬಿ ಕೊಡಲು ಕಾರ್ಖಾನೆಗೆ ಹೋಗಿದ್ದೆ. ಕುಲುಮೆಯಿಂದ ಆಗತಾನೇ ತೆಗೆದ ಗಾಜಿನ ಉಂಡೆ ಕೊಳವೆಯ ತುದಿಯಲ್ಲಿ ಕೆಂಪಗೆ ತೂಗುತ್ತಿತ್ತು. ಏನು ಚಂದ ಅಂತೀಯಾ! ಕೈ ಚಾಚಿಬಿಟ್ಟೆ. ಅಪ್ಪ ಬರಿಗೈಯಲ್ಲಿ ಅದನ್ನು ಆಚೆ ತಳ್ಳಿದರು. ಆಮೇಲೆ ಎರಡೂ ಕಪಾಳಕ್ಕೆ ಬಾರಿಸಿದರು, ಬಲಗೈಯಲ್ಲಿ. ಸರಿ ಹೋಯಿತೇ ನಿನ್ನ ಪರೀಕ್ಷೆ?

ಈಗ ನನ್ನ ಕಡೆಯದ್ದು ಕೇಳು. ಲಾರಿಯೂ ಇಲ್ಲ, ಅಪಘಾತವೂ ಇಲ್ಲ. ಅದೇ ಕಾರ್ಖಾನೆಯಲ್ಲಿ ನಾನೂ ಕೆಲಸಕ್ಕೆ ಸೇರಿದ್ದೆ. ಮುಷ್ಕರ ನಡೆಯಿತು. ಅಪ್ಪ ಮೇಸ್ತ್ರಿ, ಮಾಲೀಕರ ಕಡೆ. ನಾನು ಗೇಟಿನಾಚೆ. ಘೋಷಣೆ ಕೂಗುವವನ ಗಂಟಲು ಕಟ್ಟಿತ್ತು, ನನ್ನದು ಗಟ್ಟಿಯಾಗಿತ್ತು. ಅಪ್ಪ ಗೇಟಿನೊಳಗೆ ಹೋಗುತ್ತಿದ್ದಾಗ ಅವರ ಹೆಸರು ಹಿಡಿದು, ಹಿಂದೆ ಮುಂದೆ ಏನೂ ಸೇರಿಸದೆ, ಬೀದಿಯಲ್ಲಿ ಧಿಕ್ಕಾರ ಕೂಗಿದವನು ನಾನೇ. ಇಡೀ ಗುಂಪು ನನ್ನ ಹಿಂದೆ ಕೂಗಿತು. ಅವತ್ತು ಸಂಜೆ ಅಪ್ಪ ಒಂದೇ ಮಾತು ಹೇಳಿದರು: "ನನ್ನ ಹೆಸರನ್ನ ಬೀದೀಲಿ ಕೂಗಿದೋನ ಹೆಸರು ಈ ಮನೇಲಿ ಇನ್ಮೇಲೆ ಯಾರೂ ಎತ್ತಕೂಡದು." ನಾನೂ ಅವರ ಮಗನೇ ತಾನೆ, ಉಟ್ಟ ಬಟ್ಟೆಯಲ್ಲಿ ಹೊರಟೆ. ಅಪ್ಪನೇ ಕರೆಯಲಿ ಅಂತ ಕಾದೆ. ವರ್ಷಗಳ ಮೇಲೆ ಒಮ್ಮೆ ಬಂದಾಗ ಕಾರ್ಖಾನೆಯೂ ಇರಲಿಲ್ಲ, ಕ್ವಾರ್ಟರ್ಸೂ ಇರಲಿಲ್ಲ. ಅಲ್ಲಿ ಬಸ್ಸು ನಿಲ್ಲಿಸುತ್ತಿದ್ದರು.

ಅಮ್ಮ ಬಸುರಿ ಎಂಬುದೂ ನನಗೆ ತಿಳಿದಿರಲಿಲ್ಲ. ಈಗ ಎಲ್ಲ ಗೊತ್ತಾಯಿತು. ಹೊಸ ಮಗುವಿಗೆ ಹೆಸರಿಟ್ಟು ಹಳೆಯ ಮಗನ ಕಥೆ ಮುಗಿಸಿದ್ದಾರೆ. ಎಂಥ ಹಟ! ಬದುಕಿದ್ದ ಮಗನನ್ನು ಹೀಗೆ ಮುಗಿಸಲು ಅಪ್ಪನಿಗೆ ಮನಸ್ಸಾದರೂ ಹೇಗೆ ಬಂತು?

ಆಸ್ಪತ್ರೆಯ ಮಂಚ ಅಂತ ಬರೆದಿದ್ದೀಯ, ಅಂದರೆ ಅಪ್ಪ ಇಲ್ಲ. ಅಮ್ಮನ ಬಗ್ಗೆ ಒಂದಕ್ಷರವೂ ಇಲ್ಲ. ಅದೂ ಅರ್ಥವಾಯಿತು. ಎಲ್ಲಿ, ಯಾವಾಗ ಎಂದು ಕೇಳುವ ಧೈರ್ಯ ನನಗಿಲ್ಲ.


ಹಲ್ಲಿನ ಕೆಲಸದ ಅಂಗಡಿ
ಮಾರ್ಚ್ ೨೬

ಅಣ್ಣ ಎಂದು ಬರೆಯಲು ಕೈ ಏಳುತ್ತಿಲ್ಲ. ಕ್ಷಮಿಸಿ.

ಗಾಜಿನ ಉಂಡೆಯ ಸಾಲು ಓದಿ ಕುರ್ಚಿಯಿಂದ ಎದ್ದವನು ಎಲ್ಲಿಗೆ ಹೋಗಬೇಕೆಂದು ತೋಚದೆ ಮತ್ತೆ ಕೂತೆ. ಅಪ್ಪ ಹೇಳಿದ್ದೂ ಅಷ್ಟೇ, ಕಪಾಳದ ಸಮೇತ.

ಮೊದಲು ಮುಖ್ಯವಾದದ್ದು. ಅಮ್ಮ ಇದ್ದಾಳೆ. ಗಟ್ಟಿಯಾಗಿಯೇ ಇದ್ದಾಳೆ, ಎದೆ ಮಾತ್ರ ಸ್ವಲ್ಪ ನಾಜೂಕು. ಅಂಗಡಿಯ ಮೇಲಿನ ಮನೆಯಲ್ಲಿ ನನ್ನ ಜೊತೆ ಇದ್ದಾಳೆ. ನೀವು ಯಾರೋ ಏನೋ ಎಂದು ಬೇಕಂತಲೇ ಅವಳ ವಿಷಯ ಬರೆದಿರಲಿಲ್ಲ. ಅದನ್ನು ನೀವು ಹೀಗೆ ಓದಿಕೊಳ್ಳುತ್ತೀರೆಂದು ನಾನು ಕನಸಲ್ಲೂ ನೆನೆಸಿರಲಿಲ್ಲ.

ಎರಡನೆಯದು, ಅಪ್ಪನನ್ನು ಬೈಯಬೇಡಿ. ಅವರು ನಿಮ್ಮನ್ನು ಸಾಯಿಸಲಿಲ್ಲ. ನೀವು ಸತ್ತಿರೆಂದು ಕೊನೆಯ ಉಸಿರಿನವರೆಗೂ ನಂಬಿದ್ದರು. ಆ ಸುದ್ದಿ ಬಂದ ಮೇಲೆ ಅಪ್ಪ ಮೇಸ್ತ್ರಿ ಕೆಲಸ ಬಿಟ್ಟು, ಗೋದಾಮಿನಲ್ಲಿ ಬಾಟಲಿ ಎಣಿಸುವ ಕೆಲಸ ಕೇಳಿ ಪಡೆದರಂತೆ. ನನ್ನನ್ನು ಅವರು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. "ಚಿಕ್ಕೋನೇ" ಅನ್ನುತ್ತಿದ್ದರು. ಮನೆಯಲ್ಲಿ ಇದ್ದವನು ನಾನೊಬ್ಬನೇ, ಚಿಕ್ಕವನು ಎಲ್ಲಿಂದ ಬಂತು ಎಂದು ಸಹಪಾಠಿಗಳು ಗೇಲಿ ಮಾಡುತ್ತಿದ್ದರು.

ಈಗ ನನ್ನ ಬೇಡಿಕೆ. ದಯವಿಟ್ಟು ಬರಬೇಡಿ. ಸತ್ತ ಮಗ ಬಾಗಿಲು ತಟ್ಟಿದರೆ ಅಮ್ಮನ ಎದೆ ತಡೆಯುವುದಿಲ್ಲ.

ಹೀಗೆ ಬರೆದು ಕಾಗದ ಮಡಿಸಿಟ್ಟಿದ್ದೆ. ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಏಕೆಂದರೆ ಅದು ಪೂರ್ತಿ ನಿಜವಲ್ಲ. ಹೆದರಿಕೆ ನನಗೆ. ಚಿಕ್ಕಂದಿನಿಂದ ನಾನು ಇಬ್ಬರ ಲೆಕ್ಕಕ್ಕೆ ಬದುಕಿದ್ದೇನೆ. ಜ್ವರ ಬಂದರೆ ಅಮ್ಮ ಇಬ್ಬರು ಮಕ್ಕಳಿಗೆ ಜ್ವರ ಬಂದಷ್ಟು ಒದ್ದಾಡುತ್ತಿದ್ದಳು. ರಸ್ತೆ ದಾಟುವಾಗ ಲಾರಿ ಕಂಡರೆ ಅಪ್ಪ ನನ್ನ ರಟ್ಟೆ ಹಿಡಿಯುತ್ತಿದ್ದುದರ ನೋವು ಈಗಲೂ ನೆನಪಿದೆ. ಎರವಲಿನದ್ದೇ ಆಗಲಿ, ಈ ಮನೆಯಲ್ಲಿ ಇದು ನನ್ನದೊಂದು ಜಾಗ ಅಂತ ಆಗಿದೆ. ನೀವು ಬಂದು ನಿಂತರೆ ನಾನು ಯಾರು?


ಬಂದರಿನ ಕ್ಯಾಂಟೀನು
ಮೇ ೩೦

ತಮ್ಮಾ,

ಇಷ್ಟು ದಿನ ಬರೆಯಲಿಲ್ಲ. ಅಮ್ಮ ಇದ್ದಾಳೆ ಎಂದು ಓದಿದ ದಿನ ಇಡೀ ಕ್ಯಾಂಟೀನಿನ ಅಡುಗೆಗೆ ಉಪ್ಪು ಹಾಕದೆ ಬಡಿಸಿದೆ. ಮಾರನೆಯ ದಿನ ಎರಡು ಸಲ ಹಾಕಿದೆ. ನಾವಿಕರು ನನ್ನನ್ನು ಸಮುದ್ರಕ್ಕೆ ಎಸೆಯುವುದೊಂದು ಬಾಕಿ.

ಬರಬೇಡಿ ಎಂದೆ ನೀನು, ನಾನು ಬರಲಿಲ್ಲ. ಬಸ್ ನಿಲ್ದಾಣದವರೆಗೆ ಹೋಗಿ ಬಂದದ್ದುಂಟು.

ನೀನು ಕೇಳಿದ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಇಲ್ಲಿ ಊಟಕ್ಕೆ ಬರುವವರನ್ನೆಲ್ಲ ಅವರವರ ಹೆಸರಿನ ಬಗ್ಗೆ ಪೀಡಿಸಿದೆ. ಒಬ್ಬನ ನಾಡಿನಲ್ಲಿ ಹುಟ್ಟಿದ ವಾರವೇ ಹೆಸರಂತೆ, ಸೋಮವಾರ, ಮಂಗಳವಾರ ಅಂತ. ಹಾಗಾಗಿ ಹಡಗಿನ ತುಂಬ ಅವನ ಹೆಸರಿನವರೇ, ಯಾರಿಗೂ ಜಗಳವಿಲ್ಲ. ಇನ್ನೊಬ್ಬನ ಕಡೆ ಮಗು ಕಾಯಿಲೆ ಬಿದ್ದರೆ ಹೆಸರು ಬದಲಾಯಿಸುತ್ತಾರಂತೆ, ಸಾವು ಹುಡುಕಿಕೊಂಡು ಬಂದರೆ ಗುರುತು ಸಿಗದಿರಲಿ ಅಂತ. ಮತ್ತೊಬ್ಬನಿಗೆ ಮಗ ಹುಟ್ಟಿದ ದಿನದಿಂದ ಸ್ವಂತ ಹೆಸರೇ ಇಲ್ಲ. ಇಂಥವನ ಅಪ್ಪ ಎಂದೇ ಕರೆಯುತ್ತಾರೆ, ಅದೇ ಗೌರವವಂತೆ.

ನನ್ನ ಹೆಂಡತಿಯ ಮನೆಯದ್ದು ಇನ್ನೂ ವಿಚಿತ್ರ. ಅವರಲ್ಲಿ ಬದುಕಿರುವ ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಡುವುದು. ನನ್ನ ಮಗಳಿಗೆ ಹಾಗೆ ಇಟ್ಟಾಗ ನಾನು ಕಿರುಚಿಕೊಂಡೆ. "ನಿಮ್ಮ ತಾಯಿ ಇನ್ನೂ ಇದಾರಲ್ಲೇ!" ಅಂದೆ. "ಅದಕ್ಕೇ ಕಣ್ರೀ ಇಡೋದು, ಅವರು ಕೇಳಿಸ್ಕೊಳ್ಲಿ ಅಂತ" ಅಂದಳು. ಅತ್ತೆ ಇವತ್ತಿಗೂ ಕಲ್ಲುಗುಂಡಿನ ಹಾಗಿದ್ದಾರೆ. ಆ ಮನೆಯಲ್ಲಿ ಒಂದು ಸಲ ಕರೆದರೆ ಇಬ್ಬರು ಓ ಅನ್ನುತ್ತಾರೆ, ಯಾರು ಬೇಕೋ ಅವರು ಬರುತ್ತಾರೆ.

ಹೆಸರು ನೀನೇ ಇಟ್ಟುಕೋ. ಅಂಗಡಿಯ ಬೋರ್ಡು, ಬ್ಯಾಂಕು, ಎಲ್ಲದರಲ್ಲೂ ಅದು ನಿನ್ನದೇ. ನನ್ನನ್ನು ಇಲ್ಲಿ ಎಲ್ಲರೂ ಭಟ್ಟಿ ಅನ್ನುತ್ತಾರೆ, ಒಲೆ ಮುಂದೆ ನಿಲ್ಲುವವನು ಅಂತ. ನನಗೆ ಅಷ್ಟು ಸಾಕು. ಅಮ್ಮನನ್ನು ಒಂದು ಸಲ ನೋಡಬೇಕು ಕಣೋ. ದೂರದಿಂದಲಾದರೂ ಸರಿ, ಹಲ್ಲು ಸರಿ ಮಾಡಿಸಿಕೊಳ್ಳಲು ಬಂದ ಗಿರಾಕಿ ಎಂದಾದರೂ ಸರಿ. ಹೂಂ ಅನ್ನು.


ಹಲ್ಲಿನ ಕೆಲಸದ ಅಂಗಡಿ
ಜೂನ್ ೮

ಅಣ್ಣಾ,

ನಾನು ಅಮ್ಮನಿಗೆ ಹೇಳಿಬಿಟ್ಟೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನನ್ನ ತಲೆ ಇನ್ನೂ ನೆಟ್ಟಗಾಗಿಲ್ಲ.

ಮಧ್ಯಾಹ್ನ ಅವಳು ಕೆಳಗೆ ಅಂಗಡಿಗೆ ಬಂದು ಕೂರುತ್ತಾಳೆ. ಹೊಸ ಹಲ್ಲುಗಳನ್ನು ಬಣ್ಣದ ಪ್ರಕಾರ ಆರಿಸಿ ಬಟ್ಟಲಿಗೆ ಹಾಕುವುದು ಅವಳ ಕೆಲಸ. ಅವಳ ಕಣ್ಣು ನನ್ನ ಕಣ್ಣಿಗಿಂತ ಚುರುಕು. ಪಕ್ಕದಲ್ಲಿ ಎದೆಯ ಮಾತ್ರೆ, ನೀರು ಎಲ್ಲ ಇಟ್ಟುಕೊಂಡು ಶುರು ಮಾಡಿದೆ. "ಅಮ್ಮ, ಬಂದರಿನ ಕಡೆ ಒಬ್ಬ ಗಿರಾಕಿ ಇದಾನೆ. ಮೇಲಿಂದು ಕೆಳಗಿಂದು ಎರಡೂ ಸೆಟ್ ನಾನೇ ಮಾಡಿಕೊಟ್ಟೆ. ಅವನು... ಅವನು ಅಣ್ಣ ಅಂತೆ. ಬದುಕಿದಾನಂತೆ ಅಮ್ಮ."

ಅವಳ ಕೈ ನಿಂತಿತು. ಬೀಳುತ್ತಾಳೆಂದು ನಾನು ಎದ್ದು ಹಿಡಿಯಲು ಹೋದೆ.

"ಅಯ್ಯೋ," ಅಂದಳು, "ಹಲ್ಲೆಲ್ಲ ಹೋಯ್ತಾ ಅವನಿಗೆ?"

ಅಣ್ಣಾ, ಇದು ಸತ್ತ ಮಗ ಬದುಕಿದ್ದಾನೆಂದು ಕೇಳಿದ ತಾಯಿ ಆಡುವ ಮಾತೇ?

"ಅವನು ಸತ್ತಿಲ್ಲ ಅಂತ ನಿಂಗೆ ಗೊತ್ತಿತ್ತಾ?"

"ಸತ್ತ ಅಂತ ಯಾರು ಹೇಳಿದ್ರು?"

"ನೀನೇ! ಯಾರೋ ಬಂದು ಸುದ್ದಿ ಹೇಳಿ ಹೋದ್ರು ಅಂತ ನೀನೇ ಅಪ್ಪಂಗೆ ಹೇಳಿದ್ದು!"

"ಹೂಂ. ನಾನೇ."

ಯಾರೂ ಬಂದಿರಲಿಲ್ಲವಂತೆ. ಲಾರಿಯ ಕಥೆ ಅವಳೇ ಕಟ್ಟಿದ್ದು. ಅವಳು ಮತ್ತೆ ಹಲ್ಲು ಆರಿಸಲು ತೊಡಗಿದಳು, ಆದರೆ ಬಿಳಿಯದನ್ನು ಹಳದಿಯ ಬಟ್ಟಲಿಗೆ ಹಾಕುತ್ತಿದ್ದಳು. ಮಾತಾಡುತ್ತಲೇ ಇದ್ದಳು.

"ಹೆಸರು ಎತ್ತಕೂಡದು ಅಂದ್ರು ನಿಮ್ಮಪ್ಪ. ಎತ್ತಲಿಲ್ಲ. ಹೆತ್ತ ಮಗನ ಹೆಸರು ಬಾಯೊಳಗೇ ಇಟ್ಕೊಂಡು ಇಟ್ಕೊಂಡು ಹುಚ್ಚು ಹಿಡಿಯೋ ಹಾಗಾಯ್ತು. ಪಾತ್ರೆ ತೊಳೀವಾಗ ನೀರು ಜೋರಾಗಿ ಬಿಟ್ಕೊಂಡು ಹೆಸರು ಹೇಳ್ಕೋತಿದ್ದೆ, ಯಾರಿಗೂ ಕೇಳದ ಹಾಗೆ. ಅಷ್ಟರಲ್ಲಿ ನೀನು ಹುಟ್ಟಿದೆ. ನಿಂಗೆ ಅದೇ ಹೆಸರಿಟ್ರೆ ದಿನಾ ಬಾಯ್ತುಂಬ ಕರೀಬಹುದಲ್ಲ ಅನ್ನಿಸ್ತು. ಆದ್ರೆ ನಿಮ್ಮಪ್ಪನ ಮನೆತನದಲ್ಲಿ ಬದುಕಿರೋರ ಹೆಸರು ಇಡೋ ಹಾಗಿಲ್ಲ. ಅದಕ್ಕೇ ಅವನನ್ನ ಸಾಯಿಸ್ಬಿಟ್ಟೆ."

"ಅಮ್ಮಾ!"

"ಸತ್ತ ಅಂದ್ಮೇಲೆ ಬೇಡ ಅನ್ನೋಕೆ ನಿಮ್ಮಪ್ಪಂಗೆ ದಾರಿ ಇರಲಿಲ್ಲ. ಅವರ ಮನೆತನದ ಕಟ್ಟಳೆ ಅವರೇ ಮುರೀತಾರಾ? ಆದ್ರೆ ಅವರು ಹಾಗೆ ಕುಸಿದುಬೀಳ್ತಾರೆ ಅಂತ ನಂಗೆ ಗೊತ್ತಿರಲಿಲ್ಲ ಕಣೋ. ಗೋಡೆಗೆ ತಲೆ ಇಟ್ಟು ಅತ್ರು. ಹೇಳ್ಬಿಡೋಣ ಅಂತ ಬಾಯಿಗೆ ಬಂತು. ಹೇಳಿದ್ರೆ ಹೆಸರು ವಾಪಸ್ ಹೋಗೋದು. ನುಂಗ್ಕೊಂಡೆ. ಆಡಿದ ಸುಳ್ಳು ಎಲ್ಲಿ ನಿಜ ಆಗ್ಬಿಡುತ್ತೋ ಅಂತ ಅವತ್ತಿಂದ ಇವತ್ತಿನವರೆಗೂ ನಂಗೆ ನೆಮ್ಮದಿಯ ನಿದ್ದೆ ಇಲ್ಲ."

ಅಪ್ಪನ ಅಳುವನ್ನು ನೋಡುತ್ತಾ ಇವಳು ಸುಮ್ಮನೆ ನಿಂತಿದ್ದಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಜೋರಾಗಿ ಏನೇನೋ ಅಂದೆ. ಅವಳು ಬಟ್ಟಲಿಗೆ ಹಲ್ಲು ಹಾಕುತ್ತಲೇ ಇದ್ದಳು. ಕೊನೆಗೆ ನನ್ನ ಸ್ವಂತದ ಪ್ರಶ್ನೆ ಕೇಳಿದೆ. ಅದನ್ನು ಕೇಳಲೇಬಾರದಿತ್ತು.

"ಹಾಗಾದ್ರೆ ಇಷ್ಟು ವರ್ಷ ನೀನು ಕರೀತಿದ್ದದ್ದು ಯಾರನ್ನ?"

ಅವಳು ಸುಳ್ಳು ಹೇಳಬಹುದಿತ್ತು. ಅವಳಿಗೆ ಸುಳ್ಳೇನು ಬಾರದ್ದಲ್ಲ.

"ಅವನನ್ನೇ ಕರೀತಿದ್ದೆ," ಅಂದಳು. "ಬರ್ತಿದ್ದೋನು ನೀನು."

ಬಾ ಅಣ್ಣಾ. ಇನ್ನು ಬರಬೇಡ ಅನ್ನಲು ನನ್ನ ಹತ್ತಿರ ಏನೂ ಉಳಿದಿಲ್ಲ.


ಬಂದರಿನ ಕ್ಯಾಂಟೀನು
ಜೂನ್ ೧೩

ತಮ್ಮಾ,

ನಿನ್ನ ಕಾಗದವನ್ನು ನಿಂತೇ ಓದಿದೆ, ಒಲೆಯ ಮೇಲಿನದು ಸೀದುಹೋಯಿತು.

ಅಪ್ಪ ಅತ್ತರಾ? ಗೋಡೆಗೆ ತಲೆ ಇಟ್ಟಾ? ನನ್ನ ಅಪ್ಪ? ನಾನು ಇಷ್ಟು ವರ್ಷ ಬೈದುಕೊಂಡು ಬದುಕಿದ್ದು ಯಾರನ್ನು ಹಾಗಾದರೆ? ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಎಂದು ಕೂತೆ. ಬಂತು ಕೂಡ, ಕೆಂಡದಂಥ ಸಿಟ್ಟು. ಆಮೇಲೆ ನೀರು ಜೋರಾಗಿ ಬಿಟ್ಟುಕೊಂಡು ಪಾತ್ರೆ ತೊಳೆಯುವ ಅವಳ ಬೆನ್ನು ಕಣ್ಣಿಗೆ ಕಟ್ಟಿತು. ಇಲ್ಲಿ ಪಾತ್ರೆ ತೊಳೆಯುವ ಜಾಗಕ್ಕೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಹೆಂಡತಿ ಬಂದು ನಲ್ಲಿ ನಿಲ್ಲಿಸಿದಳು, ನಾನು ನಿಲ್ಲಿಸಲಿಲ್ಲ.

ಅವಳು ಅಂದ ಕೊನೆಯ ಮಾತನ್ನು ನೀನು ಹೇಗೆ ತಡೆದುಕೊಂಡೆಯೋ ಗೊತ್ತಿಲ್ಲ. ನನಗೆ ಅದನ್ನು ಓದಿ ಸಂತೋಷವಾಯಿತು. ಸಂತೋಷವಾಯಿತಲ್ಲ ಎಂದು ನಿನ್ನ ಮುಖ ನೆನೆದು ನಾಚಿಕೆಯೂ ಆಯಿತು. ನಿನ್ನ ಮುಖ ನಾನು ನೋಡೇ ಇಲ್ಲ, ಆದರೂ.

ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಅವಳಿಗೆ ಮೊದಲೇ ಹೇಳಿಡು, ಎದೆಯ ಮಾತ್ರೆಯನ್ನೂ ನುಂಗಿಸಿರು.


ಹಲ್ಲಿನ ಕೆಲಸದ ಅಂಗಡಿ
ಜೂನ್ ೩೦

ಅಣ್ಣಾ,

ನೀನು ಇಲ್ಲಿಂದ ವಾಪಸ್ ಸುಖವಾಗಿ ಊರು ಮುಟ್ಟಿದ ಸುದ್ದಿ ತಿಳಿಯಿತು. ಅಮ್ಮ ನಿನ್ನ ಬಾಯಿ ತೆಗೆಸಿ, ದೀಪ ಹಿಡಿದು, ಒಸಡು ನೋಡಿ "ಎಡಗಡೆ ಒತ್ತುತ್ತಿದೆ, ನೋಡೋ" ಎಂದು ನನಗೆ ಗದರಿದ್ದು ಬೀದಿಯಲ್ಲಿ ಸುದ್ದಿಯಾಗಿದೆ. ಇಷ್ಟು ವರ್ಷದ ಮೇಲೆ ಸಿಕ್ಕ ಮಗನನ್ನು ಹೀಗೆ ಮಾತಾಡಿಸಿದವಳು ಇವಳೊಬ್ಬಳೇ ಇರಬೇಕು. ಎಡಗಡೆ ನಿಜಕ್ಕೂ ಒತ್ತುತ್ತಿತ್ತು. ಮುಂದಿನ ಸಲ ಉಜ್ಜಿಕೊಡುತ್ತೇನೆ.

ನೀನಿದ್ದಾಗ ನಡೆದ ಒಂದು ವಿಷಯವನ್ನು ನಿನಗೆ ಹೇಳಿರಲಿಲ್ಲ. ಎರಡನೆಯ ದಿನ ಬೆಳಿಗ್ಗೆ ನೀನು ಸ್ನಾನಕ್ಕೆ ಹೋಗಿದ್ದೆ. ನಾನು ಕೆಳಗೆ ಅಚ್ಚು ಎರೆಯುತ್ತಿದ್ದೆ. ಮೇಲಿನಿಂದ ಅಮ್ಮ ಹೆಸರು ಹಿಡಿದು ಕೂಗಿದಳು. ನಾನು "ಬಂದೇ" ಎಂದು ಕೈಯೆಲ್ಲ ಅಚ್ಚಿನ ಬಿಳಿ ಹಿಟ್ಟು ಮಾಡಿಕೊಂಡೇ ಮೆಟ್ಟಿಲು ಹತ್ತಿದೆ. ಅವಳು ಟವೆಲ್ ಹಿಡಿದು ನಿಂತಿದ್ದಳು. ನನ್ನನ್ನು ನೋಡಿ, "ನಿನ್ನನ್ನಲ್ಲ ಕಣೋ," ಅಂದಳು.

ಹುಟ್ಟಿದಾಗಿನಿಂದ ಆ ಹೆಸರು ಕೇಳಿ ನಾನು ಹೋಗಿದ್ದೇನೆ. ಆಟ ಬಿಟ್ಟು ಹೋಗಿದ್ದೇನೆ, ನಿದ್ದೆಯಿಂದ ಎದ್ದು ಹೋಗಿದ್ದೇನೆ. ನೀನಲ್ಲ ಎಂದು ಯಾರೂ ಅಂದಿರಲಿಲ್ಲ. ಅವಳು ಕರೆಯುತ್ತಿದ್ದದ್ದು ಯಾರನ್ನೆಂದು ಅವಳ ಬಾಯಿಂದಲೇ ಕೇಳಿದ್ದೆ, ಆದರೂ ಈ ಮಾತಿಗೆ ನಾನು ತಯಾರಾಗಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೀನು ಒಳಗಿನಿಂದ "ಏನಮ್ಮಾ?" ಅಂದೆ. ಅವಳ ಮುಖ ಅರಳಿದ್ದನ್ನು ನಾನು ಆ ಮೆಟ್ಟಿಲಿನಿಂದಲೇ ನೋಡಿದೆ. ಅಷ್ಟು ಸಂತೋಷ ಅವಳ ಮುಖದಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ. ಹೊಟ್ಟೆಕಿಚ್ಚಾಯಿತು. ಅಳುವೂ ಬಂತು. ಕೈ ಹಿಟ್ಟಾಗಿತ್ತು, ಒರೆಸಿಕೊಳ್ಳಲೂ ಆಗಲಿಲ್ಲ.

ಈಗ ನೀನು ಹೋಗಿದ್ದೀಯ. ನೀನು ಊರಿಗೆ ಹೋದದ್ದು ಅವಳಿಗೆ ಚೆನ್ನಾಗಿ ಗೊತ್ತು. ಬಸ್ಸು ಹತ್ತಿಸಲು ಅವಳೇ ಬಂದಿದ್ದಳಲ್ಲ. ಆದರೂ ಕರೆಯುತ್ತಾಳೆ, ಬೆಳಿಗ್ಗೆ ಎದ್ದೊಡನೆ ಒಂದು ಸಲ, ತಟ್ಟೆ ಇಟ್ಟಾಗ ಒಂದು ಸಲ. ನಾನು ಕೈಲಿದ್ದ ಕೆಲಸ ಬಿಟ್ಟು ಮೇಲೆ ಹೋಗುತ್ತೇನೆ. ಅವಳು ನನ್ನ ಹೆಗಲಿನಾಚೆ ಬಾಗಿಲ ಕಡೆ ನೋಡಿ, "ನಿನ್ನನ್ನಲ್ಲ, ಹೋಗಿ ಕೆಲಸ ನೋಡು" ಅನ್ನುತ್ತಾಳೆ. ನಾನು ಇಳಿದು ಬರುತ್ತೇನೆ.

ಬೇಗ ಬಾ ಅಣ್ಣಾ. ಅವಳು ಕರೆಯುವುದನ್ನು ಬಿಡುವುದಿಲ್ಲ. ನನಗೂ ಹೋಗದೆ ಇರಲು ಬರುವುದಿಲ್ಲ.